ಮುರು ಮೀನಿಗೆ ಖಾರ ಎಷ್ಟು, ಗ್ಲಾಸಿನಲ್ಲಿ ಏನು?

ಮುರು ಮೀನಿಗೆ ರುಚಿಯೇ ಇಲ್ಲ ಅನ್ನುವವರು ಕರಾವಳಿಯಲ್ಲೂ ಸಿಗುತ್ತಾರೆ. ಬಂಗುಡೆ, ಭೂತಾಯಿ ಮೀನು ತಿಂದು ಬೆಳೆದ ನಾಲಿಗೆಗೆ ಅದು ಸಪ್ಪೆ. ಅದೇ ಮೀನು ದುಬೈ, ಅಬುಧಾಬಿಗೆ ಹೋದರೆ ಹಮೂರ್. ಅಲ್ಲಿ ಅದರ ಬೆಲೆಯೇ ಬೇರೆ, ಗತ್ತೇ ಬೇರೆ. ಹಾಂಕಾಂಗ್‌ನಲ್ಲಿ ಮದುವೆ ಊಟಕ್ಕೆ ಇದೇ ಬಳಗದ ಮೀನನ್ನು ಇಡಿಯಾಗಿ ಹಬೆಯಲ್ಲಿ ಬೇಯಿಸಿ ತಂದಿಡುತ್ತಾರೆ. ಒಂದೇ ಬಳಗದ ಮೀನು ಒಂದು ಕಡೆ ಸಪ್ಪೆ, ಇನ್ನೊಂದು ಕಡೆ ಹಬ್ಬದೂಟ. ಯಾಕೆ ಹೀಗೆ?

ನನ್ನ ಉತ್ತರ ಸರಳ. ನಾವು ಬಂಗುಡೆಗೆ ಅರೆದ ಮಸಾಲೆಯನ್ನೇ ಮುರುವಿಗೂ ಮೆತ್ತುತ್ತೇವೆ. ಆಮೇಲೆ ಮೀನಿನ ರುಚಿ ಎಲ್ಲಿ ಅಂತ ಹುಡುಕುತ್ತೇವೆ. ಮುರುವಿನ ರುಚಿ ಮೆಲ್ಲಗಿನದು, ಆದರೆ ಇಲ್ಲದ್ದಲ್ಲ. ಅದು ಎಲ್ಲಿಂದ ಬರುತ್ತದೆ, ಬೆಂಕಿಯ ಮೇಲೆ ಅದಕ್ಕೆ ಏನಾಗುತ್ತದೆ ಅಂತ ಗೊತ್ತಾದರೆ ಅಡುಗೆ ಸುಲಭ. ಜೊತೆಗೆ ಕುಡಿಯಲು ಏನಿರಬೇಕು ಅನ್ನುವ ಪ್ರಶ್ನೆಯೂ ಅಲ್ಲೇ ಬಗೆಹರಿಯುತ್ತದೆ. ಯಾಕಂದ್ರೆ ಇಂಥ ಮೀನಿನ ಜೊತೆಗಿನ ಪಾನೀಯವನ್ನು ನಿಜವಾಗಿ ತೀರ್ಮಾನ ಮಾಡುವುದು ಮೀನಲ್ಲ, ಮಸಾಲೆ.

ಬಂಡೆ ಸಂದಿಯ ಬೇಟೆಗಾರ

ತುಳುನಾಡಿನಲ್ಲಿ ಮುರು, ಕಾರವಾರ ಮತ್ತು ಗೋವಾದ ಕೊಂಕಣಿಯಲ್ಲಿ ಗೋಬ್ರೊ, ಕೇರಳದಲ್ಲಿ ಕಲವ, ಕೊಲ್ಲಿ ದೇಶಗಳಲ್ಲಿ ಹಮೂರ್. ಹೋಟೆಲ್ ಮೆನುಗಳಲ್ಲಿ ಗ್ರೂಪರ್ ಅಂತಲೋ ರೀಫ್ ಕಾಡ್ ಅಂತಲೋ ಬರೆದಿರುತ್ತಾರೆ. ಯುರೋಪಿನ ತಣ್ಣನೆ ಕಡಲಿನ ಕಾಡ್ ಮೀನಿಗೂ ಇದಕ್ಕೂ ನಂಟಿಲ್ಲ, ಹೆಸರು ಮಾತ್ರ ಒಂದೇ. ಗ್ರೂಪರ್ ಬಳಗದಲ್ಲಿ 160ಕ್ಕೂ ಹೆಚ್ಚು ಜಾತಿಗಳಿವೆ. ಕೊಲ್ಲಿಯಲ್ಲಿ ಹಮೂರ್ ಅಂತ ಹೆಸರು ಮಾಡಿರುವುದು ಮೈಮೇಲೆ ಕಿತ್ತಳೆ-ಕಂದು ಚುಕ್ಕೆಗಳಿರುವ ಎಪಿನೆಫೆಲಸ್ ಕೊಯೊಯ್ಡಿಸ್. ನಮ್ಮ ಪಶ್ಚಿಮ ಕರಾವಳಿಯಲ್ಲೂ ಅದು ಇದೆ. ಒಂದು ಮೀಟರಿಗಿಂತ ಉದ್ದ, 15 ಕಿಲೋವರೆಗೆ ಬೆಳೆಯಬಲ್ಲದು. ಅಡುಗೆಮನೆಗೆ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಬಹಳ ಚಿಕ್ಕದು.

ಇದು ಬಂಡೆ ಮತ್ತು ಹವಳದ ದಿಬ್ಬಗಳ ಮೀನು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಮುಳುಗುವವರಿಗೆ ಈ ಬಳಗದ ಮೀನುಗಳು ಕಾಣಸಿಗುತ್ತವೆ. ಬಂಗುಡೆಯ ಹಾಗೆ ಗುಂಪು ಕಟ್ಟಿಕೊಂಡು ದಿನವಿಡೀ ಈಜುವ ಚಾಳಿ ಇದಕ್ಕಿಲ್ಲ. ಒಂದು ಸಂದಿ ಹಿಡಿದು ಸುಮ್ನೆ ನಿಂತಿರುತ್ತದೆ. ಸಣ್ಣ ಮೀನೋ ಏಡಿಯೋ ಸಿಗಡಿಯೋ ಎದುರಿಗೆ ಬಂದರೆ ಆ ಅಗಲ ಬಾಯಿಯನ್ನು ಫಕ್ಕನೆ ತೆರೆಯುತ್ತದೆ. ನೀರಿನ ಜೊತೆ ಬೇಟೆಯೂ ಒಳಗೆ.

ಈ ಸೋಮಾರಿ ಬದುಕಿನಲ್ಲೇ ಅದರ ರುಚಿಯ ಗುಟ್ಟಿದೆ. ದೂರ ದೂರ ಈಜುವ ಮೀನಿಗೆ ಸದಾ ಆಮ್ಲಜನಕ ಬೇಕು. ಅದನ್ನು ಹಿಡಿದಿಡಲು ಸ್ನಾಯುವಿನಲ್ಲಿ ಮಯೋಗ್ಲೋಬಿನ್ ಅನ್ನುವ ಕೆಂಪು ಪ್ರೋಟೀನ್ ಇರುತ್ತದೆ, ಉರಿಸಲು ಕೊಬ್ಬು ಇರುತ್ತದೆ. ಬಂಗುಡೆಯ ಪಕ್ಕೆಯಲ್ಲಿ ಕಾಣುವ ಕಂದು ಮಾಂಸ ಅದೇ. ಮುರು 100 ಮೀಟರ್ ಓಟಗಾರನ ಹಾಗೆ, ಒಂದೇ ನೆಗೆತಕ್ಕೆ ತಯಾರಾದ ಮೈ. ಅದರ ಸ್ನಾಯು ಬಹುಪಾಲು ಬಿಳಿ. 100 ಗ್ರಾಂ ಹಸಿ ಮಾಂಸದಲ್ಲಿ ಕೊಬ್ಬು ಸುಮಾರು 1 ಗ್ರಾಂ ಮಾತ್ರ, ಪ್ರೋಟೀನ್ 19 ಗ್ರಾಂ ಹತ್ತಿರ. ಮೀನಿನ ಗಾಢ ವಾಸನೆ ಹೆಚ್ಚಾಗಿ ಬರುವುದು ಕೊಬ್ಬು ಗಾಳಿಗೆ ಸಿಕ್ಕಿ ಕೆಡುವುದರಿಂದ. ಕೊಬ್ಬು ಮತ್ತು ಕೆಂಪು ಮಾಂಸ ಎರಡೂ ಒಟ್ಟಿಗಿದ್ದರೆ ಅದು ಇನ್ನೂ ಬೇಗ ಆಗುತ್ತದೆ. ಮುರುವಿನಲ್ಲಿ ಎರಡೂ ಕಡಿಮೆ. ಹಾಗಾಗಿ ವಾಸನೆಯೂ ಕಡಿಮೆ.

ಹಾಗಾದರೆ ಉಳಿಯುವುದು ಏನು? ಸಿಹಿ. ಕಡಲ ಮೀನುಗಳ ಮಾಂಸದಲ್ಲಿ ಗ್ಲೈಸಿನ್, ಅಲನಿನ್ ಅನ್ನುವ ಅಮಿನೋ ಆಮ್ಲಗಳು ಬಿಡಿಯಾಗಿ ಇರುತ್ತವೆ. ಉಪ್ಪು ನೀರಿನಲ್ಲಿ ಬದುಕುವ ಜೀವಕೋಶ ಒಳಗಿನ ನೀರು ಕಳೆದುಕೊಳ್ಳದೆ ಇರಲು ಇವು ನೆರವಾಗುತ್ತವೆ. ನಮ್ಮ ನಾಲಿಗೆಗೆ ಇವು ಸಣ್ಣಗೆ ಸಿಹಿ. ಏಡಿ, ಸಿಗಡಿ ಸಿಹಿ ಅನ್ನಿಸುವುದಕ್ಕೂ ಮುಖ್ಯ ಕಾರಣ ಗ್ಲೈಸಿನ್. ಮುರುವನ್ನು ಬರೀ ಉಪ್ಪು ಹಾಕಿ ಬೇಯಿಸಿ ಒಂದು ಎಸಳು ಬಾಯಿಗಿಟ್ಟು ನೋಡಿ. ಕಡೆಗೆ ಉಳಿಯುವ ರುಚಿ ಏಡಿಯ ನೆನಪು ತರುತ್ತದೆ. ಮೂರು ಚಮಚ ಖಾರದ ಪುಡಿಯ ಕೆಳಗೆ ಇದು ಎಲ್ಲಿ ಕಾಣಬೇಕು?

ಇನ್ನೊಂದು ವಿಚಾರ ಮಾಂಸದ ಹದ. ಮುರುವಿನ ಎಸಳು ದಪ್ಪ, ಬಿಗಿ. ಬೆಂದ ಮೇಲೆ ದೊಡ್ಡ ದೊಡ್ಡ ಪದರವಾಗಿ ಬಿಡುತ್ತದೆ, ಪುಡಿಯಾಗುವುದಿಲ್ಲ. ಮಾಂಸದ ನಡುವೆ ಸಣ್ಣ ಮುಳ್ಳಿನ ಕಾಟವೂ ಇಲ್ಲ. ಮಕ್ಕಳಿಗೆ, ಮೀನು ತಿಂದು ಅಭ್ಯಾಸ ಇಲ್ಲದ ಘಟ್ಟದ ಮೇಲಿನ ನೆಂಟರಿಗೆ ಮೊದಲ ಮೀನಾಗಿ ಇದನ್ನೇ ಕೊಡಿ ಅನ್ನುವುದು ಇದಕ್ಕೇ.

ಕೊಳ್ಳುವಾಗ

ತೀರಾ ಆಗ ತಾನೇ ಹಿಡಿದ ಮೀನೇ ಎಲ್ಲಕ್ಕಿಂತ ರುಚಿ ಅನ್ನುವುದು ಪೂರ್ತಿ ನಿಜವಲ್ಲ. ಮೀನು ಸತ್ತ ಮೇಲೆ ಸ್ನಾಯುವಿನ ಶಕ್ತಿಯ ಸಂಗ್ರಹ ಒಡೆದು ಐನೋಸಿನೇಟ್ ಅನ್ನುವ ವಸ್ತು ಆಗುತ್ತದೆ. ಮಾಂಸಕ್ಕೆ ಆ ತುಂಬಿದ, ಖಾರವೂ ಅಲ್ಲದ ಸಿಹಿಯೂ ಅಲ್ಲದ ರುಚಿ ಕೊಡುವುದು ಅದೇ. ಜಪಾನಿನವರು ಉಮಾಮಿ ಅನ್ನುವುದು ಇದನ್ನು. ಇದು ತುಂಬಿಕೊಳ್ಳಲು ಕೆಲವು ಗಂಟೆ ಬೇಕು. ಜೊತೆಗೆ, ಸತ್ತ ಸ್ವಲ್ಪ ಹೊತ್ತಿಗೆ ಮೀನು ಸೆಟೆದುಕೊಳ್ಳುತ್ತದಲ್ವಾ, ಆ ಹೊತ್ತಿನಲ್ಲಿ ಬೇಯಿಸಿದರೆ ಮಾಂಸ ಕುಗ್ಗಿ ಗಟ್ಟಿಯಾಗುತ್ತದೆ. ಚೆನ್ನಾಗಿ ಐಸ್‌ನಲ್ಲಿಟ್ಟ ಮರುದಿನದ ಮುರು ಹಲವು ಸಲ ಹೆಚ್ಚು ರುಚಿ. ಆದರೆ ದಿನಗಳು ಕಳೆದಂತೆ ಐನೋಸಿನೇಟ್ ಒಡೆದು ಕಹಿ ವಸ್ತುವಾಗುತ್ತದೆ. ಬ್ಯಾಕ್ಟೀರಿಯಾಗಳು ಇನ್ನೊಂದು ಕಡೆಯಿಂದ ಟ್ರೈಮಿಥೈಲಮೀನ್ ಉತ್ಪತ್ತಿ ಮಾಡುತ್ತವೆ. ಹಳೇ ಮೀನಿನ ಕೆಟ್ಟ ವಾಸನೆ ಅದರದ್ದೇ.

ಬಂಗುಡೆಯಲ್ಲಿ ಸ್ವಲ್ಪ ಹಳತನವನ್ನು ಮಸಾಲೆ ಮುಚ್ಚಿಹಾಕುತ್ತದೆ. ಮುರುವಿನಲ್ಲಿ ಅದು ಸಾಧ್ಯವಿಲ್ಲ, ಯಾಕಂದ್ರೆ ಮುಚ್ಚಿಕೊಳ್ಳಲು ಬೇರೆ ಗಾಢ ರುಚಿಯೇ ಇಲ್ಲ. ಹಾಗಾಗಿ ನೋಡಿಕೊಂಡು ತಗೊಳ್ಳಿ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ಸಾಧ್ಯವಾದರೆ ಇಡೀ ಮೀನನ್ನೇ ಆರಿಸಿ, ಎದುರಿಗೇ ಕತ್ತರಿಸಿಕೊಳ್ಳಿ. ತಲೆ ದೊಡ್ಡದು, ಮೂಳೆ ದಪ್ಪ, ಹಾಗಾಗಿ ತೂಕದ ಅರ್ಧಕ್ಕಿಂತ ಕಡಿಮೆ ಮಾತ್ರ ಬರೀ ಮಾಂಸ. ಇದು ನಷ್ಟ ಅಂದುಕೊಳ್ಳಬೇಡಿ, ತಲೆಯ ಮಾತು ಮುಂದೆ ಬರುತ್ತದೆ.

ಬೆಂಗಳೂರಿನಂಥ ಊರಿನಲ್ಲಿ ಇನ್ನೊಂದು ತೊಂದರೆ. ಮುಳ್ಳು ತೆಗೆದು ಬಿಳಿ ತುಂಡು, ಅಂದರೆ ಫಿಲೆ, ಮಾಡಿ ಇಟ್ಟ ಮೇಲೆ ಯಾವ ಮೀನು ಯಾವುದು ಅಂತ ಹೇಳುವುದು ಕಷ್ಟ. ಸಾಕಿದ ಬಾಸಾ ಅಗ್ಗ, ನೋಡಲು ಬಿಳಿ. ಆದರೆ ಅದರ ಮಾಂಸ ಮೆತ್ತಗೆ, ನೀರು ನೀರು, ಬಾಣಲೆಯಲ್ಲಿ ಬೇಗ ಒಡೆಯುತ್ತದೆ. ಮುರುವಿನ ತುಂಡು ಬಿಗಿಯಾಗಿರುತ್ತದೆ, ಚರ್ಮ ದಪ್ಪ. ಚರ್ಮ ಇರುವ ತುಂಡು ಕೇಳಿದರೆ ಅನುಮಾನವೇ ಇರುವುದಿಲ್ಲ.

ಎರಡು ಎಚ್ಚರಿಕೆ. ಬಿಸಿ ಕಡಲಿನ ಹವಳದ ದಿಬ್ಬಗಳಲ್ಲಿ ಗ್ಯಾಂಬಿಯರ್ಡಿಸ್ಕಸ್ ಅನ್ನುವ ಸೂಕ್ಷ್ಮಜೀವಿ ಇರುತ್ತದೆ. ಅದರಿಂದ ಹುಟ್ಟುವ ವಿಷ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತಾ ಸೇರಿಕೊಳ್ಳುತ್ತದೆ. ಇದಕ್ಕೆ ಸಿಗ್ವಟೆರಾ ಅನ್ನುತ್ತಾರೆ. ಬೇಯಿಸಿದರೂ ಹೋಗುವುದಿಲ್ಲ, ಐಸ್‌ನಲ್ಲಿಟ್ಟರೂ ಹೋಗುವುದಿಲ್ಲ, ರುಚಿಯಲ್ಲಿ ಗೊತ್ತಾಗುವುದೂ ಇಲ್ಲ. ತಲೆ, ಕರುಳು, ಪಿತ್ತಜನಕಾಂಗದಲ್ಲಿ ಜಾಸ್ತಿ ಸೇರಿರುತ್ತದೆ. ಇದು ದೂರದ ದ್ವೀಪಗಳ ಸುದ್ದಿ ಅಲ್ಲ. 2016ರಲ್ಲಿ ಮಂಗಳೂರಿನ ಕಡೆ ಚೆಂಪಲ್ಲಿ ಬಳಗದ ಕೆಂಪು ಮೀನಿನ ತಲೆ ತಿಂದ ಬಹಳ ಜನ ಇದರಿಂದಲೇ ಕಾಯಿಲೆ ಬಿದ್ದರು. ಹಾಗಂತ ಮುರು ಬಿಡಬೇಕಾಗಿಲ್ಲ. ತೀರಾ ದೊಡ್ಡ ಮೀನಿಗೆ ಆಸೆ ಪಡಬೇಡಿ, ಒಂದು-ಎರಡು ಕಿಲೋದ್ದು ಸಾಕು. ಒಳಗಿನ ಅಂಗಗಳನ್ನು ಎಸೆಯಿರಿ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ರಾಕ್ಷಸ ಗಾತ್ರದ ತಲೆ ಅಗ್ಗಕ್ಕೆ ಸಿಕ್ಕರೂ ಬೇಡ. ಎರಡನೆಯದು ಪಾದರಸ. ದೊಡ್ಡ ಬೇಟೆಗಾರ ಮೀನುಗಳಲ್ಲಿ ಅದು ಸೇರಿರುತ್ತದೆ. ಅಮೆರಿಕದ ಆಹಾರ ಇಲಾಖೆ ಗರ್ಭಿಣಿಯರಿಗೆ ಗ್ರೂಪರ್ ವಾರಕ್ಕೆ ಒಂದು ಸಲ ಸಾಕು ಅನ್ನುತ್ತದೆ.

ಸಣ್ಣದು ಅಂದರೆ ತೀರಾ ಮರಿಯೂ ಬೇಡ. ಮುರು ಹುಟ್ಟುವಾಗ ಹೆಣ್ಣು. ವರ್ಷಗಳು ಕಳೆದು ದೊಡ್ಡದಾದ ಮೇಲೆ ಅವುಗಳಲ್ಲಿ ಕೆಲವು ಗಂಡಾಗುತ್ತವೆ. ದೊಡ್ಡವನ್ನೆಲ್ಲ ಹಿಡಿದರೆ ಗಂಡು ಉಳಿಯುವುದಿಲ್ಲ, ಮರಿಗಳನ್ನು ಹಿಡಿದರೆ ಮೊಟ್ಟೆ ಇಡುವ ಹೆಣ್ಣೇ ಉಳಿಯುವುದಿಲ್ಲ. ಯುಎಇಯಲ್ಲಿ ಹಮೂರ್ ಮಿತಿ ಮೀರಿ ಹಿಡಿದು ಖಾಲಿಯಾಗುತ್ತಾ ಬಂದು, 2010ರ ಸುಮಾರಿಗೆ ಬೇರೆ ಮೀನು ತಿನ್ನಿ ಅಂತ ಪ್ರಚಾರವನ್ನೇ ಮಾಡಬೇಕಾಯಿತು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಆ ಸಮಯದಲ್ಲಿ ಸಿಗುವುದು ಹೆಚ್ಚಾಗಿ ಐಸ್ ಮೀನೋ ಹೊರ ರಾಜ್ಯದ ಮೀನೋ. ಮುರುವಿಗೆ ಕಾಯುವುದೇ ಒಳ್ಳೇದು.

ಬೆಂಕಿ ಎಷ್ಟು

ಕೋಳಿ, ಕುರಿಗೆ ಹೋಲಿಸಿದರೆ ಮೀನಿನ ಪ್ರೋಟೀನ್ ಬಹಳ ಬೇಗ ಗಟ್ಟಿಯಾಗುತ್ತದೆ. 40 ಡಿಗ್ರಿ ಸೆಲ್ಸಿಯಸ್ ದಾಟಿದ ಕೂಡಲೇ ಶುರು. 55ರಿಂದ 60ರ ಹೊತ್ತಿಗೆ ಎಸಳುಗಳ ನಡುವಿನ ಅಂಟು ಕರಗಿ ಪದರಗಳು ಬಿಡುತ್ತವೆ. 65 ದಾಟಿದರೆ ಒಳಗಿನ ನೀರು ಹೊರಗೆ. ಭೂತಾಯಿಯಲ್ಲಿ ಕೊಬ್ಬು ಇರುವುದರಿಂದ ಜಾಸ್ತಿ ಬೆಂದರೂ ಬಾಯಲ್ಲಿ ಒಣ ಅನ್ನಿಸದು. ಮುರುವಿಗೆ ಆ ಆಸರೆ ಇಲ್ಲ. ಹೆಚ್ಚು ಬೆಂದ ಮುರು ಒಡೆಯುವುದಿಲ್ಲ, ಅದೇ ಮೋಸ. ನೋಡಲು ಚೆನ್ನಾಗಿಯೇ ಇರುತ್ತದೆ, ತಿನ್ನಲು ನಾರು.

ಎರಡೂವರೆ ಸೆಂಟಿಮೀಟರ್ ದಪ್ಪದ ತುಂಡಿಗೆ ಒಟ್ಟು 10 ನಿಮಿಷ ಅನ್ನುವ ಹಳೆಯ ಲೆಕ್ಕ ಇಲ್ಲಿ ಚೆನ್ನಾಗಿ ಕೂರುತ್ತದೆ. ತೆಳ್ಳಗಿದ್ದರೆ ಅಷ್ಟಕ್ಕೆ ಕಡಿಮೆ. ಅರೆಪಾರದರ್ಶಕ ಮಾಂಸ ಹಾಲಿನ ಬಿಳಿಗೆ ತಿರುಗಿ, ಚಮಚದ ತುದಿ ಒತ್ತಿದರೆ ಪದರ ಸರಿದರೆ ಸಾಕು, ಇಳಿಸಿ. ಪಾತ್ರೆಯ ಬಿಸಿಗೆ ಇನ್ನೂ ಸ್ವಲ್ಪ ಬೇಯುತ್ತದೆ.

ಬೇಯಿಸುವ ಮೊದಲು ಉಪ್ಪು ಸವರಿ 15-20 ನಿಮಿಷ ಬಿಡಿ. ಮೇಲೆ ಬಂದ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಇಷ್ಟು ಮಾಡಿದರೆ ಮಾಂಸ ಇನ್ನೂ ಬಿಗಿಯಾಗುತ್ತದೆ, ಕಾವಲಿಗೆ ಹಿಡಿಯುವುದೂ ಕಡಿಮೆ. ನಿಂಬೆ ರಸದ ವಿಷಯದಲ್ಲಿ ಮಾತ್ರ ಕೈ ಹಿಡಿತ ಇರಲಿ. ಹುಳಿ ಮೀನಿನ ವಾಸನೆಯನ್ನು ಕಟ್ಟಿಹಾಕುತ್ತದೆ ಅನ್ನುವುದು ನಿಜ. ಆ ಟ್ರೈಮಿಥೈಲಮೀನ್ ಹುಳಿಯ ಜೊತೆ ಸೇರಿ ಗಾಳಿಗೆ ಹಾರದ ಲವಣವಾಗುತ್ತದೆ. ಹುಣಸೆ, ಪುನರ್ಪುಳಿ (ಕೋಕಂ), ಬಿಂಬುಳಿ ಎಲ್ಲದರ ಕೆಲಸವೂ ಇದೇ. ಆದರೆ ಹುಳಿ ಪ್ರೋಟೀನನ್ನೂ ಬೇಯಿಸುತ್ತದೆ. ಒಂದು ಗಂಟೆ ನಿಂಬೆಯಲ್ಲಿ ನೆನೆಸಿಟ್ಟ ಮುರು ಸುಣ್ಣದ ಪುಡಿಯಂತಾಗುತ್ತದೆ. ತಾಜಾ ಮುರುವಿನಲ್ಲಿ ಕಟ್ಟಿಹಾಕಬೇಕಾದ ವಾಸನೆಯೇ ಇರುವುದಿಲ್ಲ, ಮತ್ತೆ ಅಷ್ಟು ಹುಳಿ ಯಾಕೆ?

ನಮ್ಮ ಒಲೆಯಲ್ಲಿ, ಬೇರೆಯವರ ಒಲೆಯಲ್ಲಿ

ಮೊದಲು ತವಾ ಫ್ರೈ, ಯಾಕಂದ್ರೆ ಎಲ್ಲರೂ ಮಾಡುವುದು ಅದನ್ನೇ. ಅರ್ಧ ಕಿಲೋ ತುಂಡಿಗೆ ಐದಾರು ಬ್ಯಾಡಗಿ ಮೆಣಸು, ಕಾಲು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಸಿನ, ಅರ್ಧ ಗೋಲಿ ಗಾತ್ರದ ಹುಣಸೆ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಇಲ್ಲಿ ಬೇಕಾದ್ದು ಅದೇ. ಕೊತ್ತಂಬರಿ, ಲವಂಗ, ಚಕ್ಕೆ ಯಾವುದೂ ಬೇಡ. ಮಸಾಲೆ ಗಟ್ಟಿಯಾಗಿ ಅರೆದು ತೆಳ್ಳಗೆ ಹಚ್ಚಿ. ಮಾಂಸದ ಬಿಳಿ ಅಲ್ಲಲ್ಲಿ ಕಾಣುವಷ್ಟು ತೆಳ್ಳಗೆ. ತೆಂಗಿನೆಣ್ಣೆ ಚೆನ್ನಾಗಿ ಕಾದ ಮೇಲೆ ಚರ್ಮದ ಕಡೆ ಕೆಳಗೆ ಮಾಡಿ ಇಡಿ. ಮುರುವಿನ ಚರ್ಮ ದಪ್ಪ, ಅದು ಗರಿಗರಿಯಾಗಲು ಸಮಯ ಬೇಕು. ಹಾಗಾಗಿ ಮುಕ್ಕಾಲು ಪಾಲು ಬೇಯುವಿಕೆ ಆ ಬದಿಯಲ್ಲೇ ಆಗಲಿ, ತಿರುವಿದ ಮೇಲೆ ಒಂದೆರಡು ನಿಮಿಷ ಸಾಕು. ರವಾ ಫ್ರೈ ನನಗೆ ಈ ಮೀನಿಗೆ ಇಷ್ಟವಿಲ್ಲ. ಕಾಣೆ ಮೀನಿಗೆ ಅದು ಸರಿ, ಮುರುವಿನ ದಪ್ಪ ತುಂಡಿನಲ್ಲಿ ಒಳಗೆ ಬೇಯುವ ಹೊತ್ತಿಗೆ ಹೊರಗಿನ ರವೆ ಕರಟುತ್ತದೆ.

ಗಸಿಗೆ, ಅಂದರೆ ತೆಂಗಿನಕಾಯಿ ಅರೆದ ಮೀನು ಸಾರಿಗೆ, ಮುರು ಬಹಳ ಒಳ್ಳೇದು, ಆದರೆ ಒಂದು ಷರತ್ತು. ಮಸಾಲೆ ಮೊದಲು ಪೂರ್ತಿ ಕುದಿಯಲಿ, ತೆಂಗಿನಕಾಯಿಯ ಹಸಿ ವಾಸನೆ ಹೋಗಲಿ, ಹುಳಿ ಬೆರೆಯಲಿ. ಮೀನಿನ ತುಂಡು ಹಾಕುವುದು ಕೊನೆಗೆ. ಉರಿ ಸಣ್ಣ ಮಾಡಿ, ಸೌಟು ಆಡಿಸದೆ ಪಾತ್ರೆಯನ್ನೇ ಹಿಡಿದು ತಿರುಗಿಸಿ. ಮಣ್ಣಿನ ಪಾತ್ರೆಯಾದರೆ ಬಿಸಿ ಇಳಿಯಲು ಬಹಳ ಹೊತ್ತು ಬೇಕು, ಸ್ವಲ್ಪ ಮೊದಲೇ ಒಲೆ ಆರಿಸಿ. ಪುಳಿಮುಂಚಿ ಬೇರೆ ಮಾತು. ಆ ಹುಳಿ-ಖಾರದ ಹೊಡೆತ ಎಣ್ಣೆ ಇರುವ ಬಂಗುಡೆಗೆ ಹುಟ್ಟಿದ್ದು. ಮುರುವಿನಲ್ಲಿ ಮಾಡಿದರೆ ಪುಳಿಮುಂಚಿ ಚೆನ್ನಾಗಿರುತ್ತದೆ, ಒಳಗಿರುವುದು ಯಾವ ಮೀನು ಅಂತ ಮಾತ್ರ ಗೊತ್ತಾಗುವುದಿಲ್ಲ. ದುಡ್ಡು ದಂಡ.

ಈಗ ತಲೆ. ನಿಜ ಹೇಳಬೇಕೆಂದರೆ ಇಡೀ ಮೀನಿನಲ್ಲಿ ರುಚಿಯ ಜಾಗ ಅದೇ. ಕೆನ್ನೆಯ ಮಾಂಸ, ಕುತ್ತಿಗೆಯ ಹಿಂದಿನ ತುಂಡು, ತುಟಿಯ ಅಂಟು. ಮುರುವಿನ ಚರ್ಮ ಮತ್ತು ಮೂಳೆಯಲ್ಲಿ ಕೊಲಾಜೆನ್ ಬಹಳ. ಬಿಸಿಗೆ ಅದು ಜೆಲಟಿನ್ ಆಗಿ ಸಾರಿಗೆ ಮೈ ಕೊಡುತ್ತದೆ, ತುಟಿ ತುಟಿಗೆ ಅಂಟುತ್ತದೆ. ಕಿವಿರು ಪೂರ್ತಿ ತೆಗೆದು, ರಕ್ತ ತೊಳೆದು, ತಲೆ ಮತ್ತು ನಡುಮೂಳೆಯನ್ನು ಶುಂಠಿ, ಈರುಳ್ಳಿ, ಉಪ್ಪಿನ ಜೊತೆ 20-25 ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ. ಅದಕ್ಕಿಂತ ಜಾಸ್ತಿ ಬೇಯಿಸಿದರೆ ಸಾರು ಕಹಿಯಾಗಬಹುದು. ಈ ನೀರಿನಲ್ಲೇ ಗಸಿಯ ಮಸಾಲೆ ಕದಡಿದರೆ ತೆಂಗಿನಕಾಯಿ ಅರ್ಧ ಸಾಕು.

ಕ್ಯಾಂಟನಿನ ಚೀನೀಯರು ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಸುಮಾರು 600 ಗ್ರಾಂನ ಇಡೀ ಮೀನು, ಮೇಲೆ ಕೆಳಗೆ ಶುಂಠಿ ಚೂರು. ಜೋರು ಹಬೆಯಲ್ಲಿ 8ರಿಂದ 10 ನಿಮಿಷ. ತಟ್ಟೆಯಲ್ಲಿ ಸೇರಿದ ನೀರನ್ನು ಚೆಲ್ಲಬೇಕು, ಮೀನಿನ ಹಸಿ ವಾಸನೆ ಇರುವುದು ಅದರಲ್ಲಿ. ಆಮೇಲೆ ಈರುಳ್ಳಿ ಸೊಪ್ಪನ್ನು ಎಳೆ ಎಳೆಯಾಗಿ ಹೆಚ್ಚಿ ಹರಡಿ, ಹೊಗೆಯಾಡುವ ಎಣ್ಣೆಯನ್ನು ಮೇಲಿಂದ ಸುರಿದು, ಸುತ್ತ ಸ್ವಲ್ಪ ಸೋಯಾ ಸಾಸ್. ಅಷ್ಟೇ. ಮುರುವಿಗೆ ರುಚಿ ಇಲ್ಲ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನು ಒಮ್ಮೆ ಮಾಡಿ ಅಂತ. ಬಾಳೆ ಎಲೆಯಲ್ಲಿ ಸುತ್ತಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ಸ್ವಲ್ಪ ತೆಂಗಿನತುರಿ ಹಾಕಿ ಹಬೆಯಲ್ಲಿಟ್ಟರೆ ನಮ್ಮ ಒಲೆಗೂ ಒಗ್ಗುತ್ತದೆ.

ಕೊಲ್ಲಿ ದೇಶಗಳ ಮಚ್ಬೂಸ್ ಕೂಡ ಕಲಿಯುವಂಥದ್ದು. ದುಬೈ, ಬಹರೈನ್, ಕುವೈತ್‌ನಲ್ಲಿ ದುಡಿದು ಬಂದ ಕರಾವಳಿಯ ಎಷ್ಟೋ ಮನೆಗಳಿಗೆ ಇದು ಹೊಸದೇನಲ್ಲ. ಹಮೂರ್ ತುಂಡನ್ನು ಹುರಿದು ಬದಿಗಿಟ್ಟು, ಅದರ ತಲೆ-ಮೂಳೆ ಬೇಯಿಸಿದ ನೀರಿನಲ್ಲಿ ಬಾಸ್ಮತಿ ಅಕ್ಕಿ ಬೇಯಿಸುತ್ತಾರೆ. ರುಚಿಯ ಜೀವ ಲೂಮಿ. ಅಂದರೆ ಉಪ್ಪು ನೀರಿನಲ್ಲಿ ಕುದಿಸಿ, ಬಿಸಿಲಿಗೆ ಕಪ್ಪಗಾಗುವವರೆಗೆ ಒಣಗಿಸಿದ ನಿಂಬೆ. ಹುಳಿ, ಚೂರು ಕಹಿ, ಚೂರು ಹೊಗೆ. ಖಾರ ಹೆಚ್ಚಿಲ್ಲ. ಮೆಲ್ಲಗಿನ ಮೀನಿಗೆ ಸುವಾಸನೆಯಿಂದ ಸುತ್ತುಗಟ್ಟುವ ದಾರಿ ಇದು, ಖಾರದಿಂದ ಮುಚ್ಚುವ ದಾರಿ ಅಲ್ಲ.

ಇನ್ನು ಗ್ಲಾಸು

ಮೀನಿಗೆ ಬಿಳಿ ವೈನ್, ಮಾಂಸಕ್ಕೆ ಕೆಂಪು ವೈನ್ ಅನ್ನುವ ಮಾತು ಕೇಳಿರುತ್ತೀರಿ. ಅದರ ಹಿಂದೆ ಒಂದು ನಿಜವಿದೆ. 2009ರಲ್ಲಿ ಜಪಾನಿನ ವೈನ್ ಕಂಪನಿಯೊಂದರ ಸಂಶೋಧಕರು ಬಗೆಬಗೆಯ ವೈನ್‌ಗಳನ್ನು ಒಣಗಿಸಿದ ಸ್ಕಾಲಪ್ ಚಿಪ್ಪಿಯ ಮಾಂಸದ ಜೊತೆ ಸವಿದು ನೋಡಿದರು. ಬಾಯಲ್ಲಿ ಕೆಟ್ಟ ಮೀನು ವಾಸನೆ ಉಳಿಸುವುದು ವೈನ್‌ನಲ್ಲಿರುವ ಕಬ್ಬಿಣದ ಅಂಶ ಅಂತ ತೋರಿಸಿದರು. ಕೆಂಪು ವೈನ್‌ಗಳಲ್ಲಿ ಅದು ಹೆಚ್ಚಿರುವುದು ಸಾಮಾನ್ಯ. ಕಬ್ಬಿಣ ಮೀನಿನ ಕೊಬ್ಬನ್ನು ಫಕ್ಕನೆ ಕೆಡಿಸುತ್ತದೆ. ಕೊಬ್ಬೇ ಇಲ್ಲದ ಮುರುವಿಗೆ ಈ ಅಪಾಯ ಕಡಿಮೆ. ಆದರೂ ಕೆಂಪು ವೈನ್‌ನ ಒಗರು ಅದರ ಸಿಹಿಯನ್ನು ಒರೆಸಿಹಾಕುತ್ತದೆ, ಹಾಗಾಗಿ ಬೇಡ.

ಅದಕ್ಕಿಂತ ನಮಗೆ ಮುಖ್ಯವಾದದ್ದು ಖಾರ. ಮೆಣಸಿನ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಬಾಯಿ ಉರಿದಾಗ ನೀರು ಕುಡಿದರೆ ಉರಿ ಹರಡುತ್ತದೆ ಅಷ್ಟೇ. ಹಾಲು, ಮಜ್ಜಿಗೆಯ ಕೇಸಿನ್ ಪ್ರೋಟೀನ್ ಅದನ್ನು ಹಿಡಿದುಕೊಂಡು ಹೋಗುತ್ತದೆ. ಸಕ್ಕರೆ ಉರಿಯ ಅರಿವನ್ನು ತಗ್ಗಿಸುತ್ತದೆ. ಮದ್ಯಸಾರ ಉರಿಯನ್ನು ಹೆಚ್ಚಿಸುತ್ತದೆ, ಸೋಡಾದ ಗುಳ್ಳೆಯೂ ಸ್ವಲ್ಪ ಹೆಚ್ಚಿಸುತ್ತದೆ. ಕಹಿ ಬಿಯರ್ ಖಾರದ ಜೊತೆ ಸೇರಿದರೆ ಎರಡೂ ಇನ್ನಷ್ಟು ಚುಚ್ಚುತ್ತವೆ. ಇಷ್ಟು ಗೊತ್ತಿದ್ದರೆ ಉಳಿದದ್ದು ಲೆಕ್ಕ.

ಹಬೆಯಲ್ಲಿ ಬೇಯಿಸಿದ ಮುರು, ಅಥವಾ ಬರೀ ಉಪ್ಪು-ಕಾಳುಮೆಣಸು-ಬೆಣ್ಣೆಯಲ್ಲಿ ಹುರಿದದ್ದು ಇದ್ದರೆ ಒಣ ಬಿಳಿ ವೈನ್ ನಿಜವಾಗಿ ಹೊಂದುವ ಜಾಗ ಅದು. ನಂದಿ ಬೆಟ್ಟದ ಸುತ್ತ ಬೆಳೆಯುವ ಸಾವಿನ್ಯೋನ್ ಬ್ಲಾಂಕ್ ದ್ರಾಕ್ಷಿಯ ವೈನ್‌ನಲ್ಲಿ ನಿಂಬೆಯ ಹುಳಿಯೂ ಹಸಿರು ಹುಲ್ಲಿನ ವಾಸನೆಯೂ ಇರುತ್ತದೆ. ಮೀನಿಗೆ ನಿಂಬೆ ಹಿಂಡುವ ಕೆಲಸವನ್ನು ಅದೇ ಮಾಡುತ್ತದೆ, ನೀವು ಬೇರೆ ಹಿಂಡಬೇಡಿ. ಓಕ್ ಪೀಪಾಯಿಯಲ್ಲಿಟ್ಟ ದಪ್ಪ ಶಾರ್ಡನೆ ಬೆಣ್ಣೆ ಹಾಕಿದ ಮೀನಿಗೆ ನಡೆಯುತ್ತದೆ, ಹಬೆಯ ಮೀನಿಗೆ ಭಾರ. ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಸುರಿಯಿರಿ. ತೀರಾ ತಣ್ಣಗಿದ್ದರೆ ವಾಸನೆ ಮೇಲೆ ಬರುವುದಿಲ್ಲ.

ತವಾ ಫ್ರೈಗೆ ಬಂದರೆ ಲೆಕ್ಕ ಬದಲಾಗುತ್ತದೆ. ಹುಣಸೆ ಇದೆ, ಮೆಣಸು ಇದೆ, ತೆಂಗಿನೆಣ್ಣೆ ಇದೆ. ಒಣ ವೈನ್ ಇಲ್ಲಿ ಹುಳಿ ನೀರಿನಂತಾಗುತ್ತದೆ. ಸ್ವಲ್ಪ ಸಿಹಿ ಉಳಿದಿರುವ ಶೆನಿನ್ ಬ್ಲಾಂಕ್ ವಾಸಿ. ನಾಸಿಕದ್ದು ಎಲ್ಲ ಕಡೆ ಸಿಗುತ್ತದೆ. ಬಿಯರ್ ಅಂದರೆ ಲಾಗರ್ ಸರಿ. ಗೋಧಿ ಬಿಯರ್ ಇನ್ನೂ ಸರಿ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಸಿಗುವ ಬೆಲ್ಜಿಯಂ ಮಾದರಿಯ ಗೋಧಿ ಬಿಯರ್‌ಗೆ ಕೊತ್ತಂಬರಿ ಬೀಜವನ್ನೂ ಕಿತ್ತಳೆ ಸಿಪ್ಪೆಯನ್ನೂ ಹಾಕುತ್ತಾರೆ. ಮೀನು ಮಸಾಲೆಗೆ ಅದು ನೆಂಟನೇ. ಐಪಿಎ ಅನ್ನುವ ಕಹಿ ಬಿಯರ್ ಮಾತ್ರ ಬೇಡ, ಆ ಕಹಿ ಮುರುವನ್ನು ಉಳಿಸುವುದಿಲ್ಲ.

ಕಳ್ಳನ್ನು ಈ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ, ನನಗೆ ಅದು ಅನ್ಯಾಯ ಅನ್ನಿಸುತ್ತದೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ತೆಂಗಿನ ಕಳ್ಳು ಪರವಾನಗಿ ಇರುವ ಗಡಂಗುಗಳಲ್ಲಿ ಸಿಗುತ್ತದೆ. ಬೆಳಗ್ಗೆ ಇಳಿಸಿದ್ದು ಸಿಹಿ, ಹೊತ್ತು ಏರಿದಂತೆ ಹುಳಿ. ಮದ್ಯಸಾರ ಬಿಯರಿನಷ್ಟೇ. ಸಿಹಿ-ಹುಳಿ ಎರಡೂ ಇರುವ, ಕಹಿ ಇಲ್ಲದ ಪಾನೀಯ ಖಾರದ ಮೀನಿಗೆ ಇನ್ನೇನು ಬೇಕು? ಮಧ್ಯಾಹ್ನದೊಳಗಿನ ಕಳ್ಳಿಗೆ ಮುರು ಫ್ರೈ, ಸಂಜೆಯ ಹುಳಿ ಕಳ್ಳಿಗೆ ಬಂಗುಡೆ ಪುಳಿಮುಂಚಿ. ಗೋವಾದ ಫೆನಿ ಇದಕ್ಕೆ ವಿರುದ್ಧ. ಸುಮಾರು 40 ಪರ್ಸೆಂಟಿನ ಮದ್ಯ, ಗೇರುಹಣ್ಣಿನ ಘಾಟು ಬೇರೆ. ಊಟಕ್ಕೆ ಮೊದಲೋ ಆಮೇಲೋ ಆಗಲಿ, ಮುರುವಿನ ಪಕ್ಕದಲ್ಲಿ ಬೇಡ.

ಕುಡಿಯದವರಿಗೆ ಆಯ್ಕೆ ಕಡಿಮೆ ಅಂತ ಯಾರಾದರೂ ಅಂದರೆ ನಂಬಬೇಡಿ. ಪುನರ್ಪುಳಿ ಶರಬತ್ತಿನಲ್ಲಿ ಹುಳಿ ಇದೆ, ಸಕ್ಕರೆ ಇದೆ, ಸ್ವಲ್ಪ ಒಗರೂ ಇದೆ. ಒಳ್ಳೆ ವೈನ್‌ನಲ್ಲಿ ಹುಡುಕುವುದು ಇದನ್ನೇ ಅಲ್ವಾ? ತವಾ ಫ್ರೈಗೆ ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿ, ಹಬೆಯ ಮೀನಿಗೆ ಸಕ್ಕರೆ ಕಡಿಮೆ ಮಾಡಿ ಜೀರಿಗೆ-ಉಪ್ಪು ಹಾಕಿ. ಕಾರವಾರದ ಕಡೆಯ ಸೋಲ್ ಕಡಿಯಲ್ಲಿ ಪುನರ್ಪುಳಿಯ ಜೊತೆ ತೆಂಗಿನ ಹಾಲು ಸೇರುತ್ತದೆ. ಖಾರವನ್ನು ಆರಿಸಲು ಅದರ ಕೊಬ್ಬು ಸಾಕು. ಗಸಿಯ ಜೊತೆ ಮಾತ್ರ ಸೋಲ್ ಕಡಿ ಕೊಡಬೇಡಿ, ತೆಂಗಿನ ಮೇಲೆ ತೆಂಗು ಆಗುತ್ತದೆ. ಗಸಿಗೆ ತೆಳ್ಳನೆ ಪುನರ್ಪುಳಿ ಸಾರು ಕುಡಿಯಲು ಕೊಟ್ಟರೆ ಬಾಯಿ ತೊಳೆದಂತಾಗುತ್ತದೆ.

ಮಜ್ಜಿಗೆಯ ಹೆಸರು ಎತ್ತಿದ ಕೂಡಲೇ ಮನೆಯ ಹಿರಿಯರು ಹುಬ್ಬು ಗಂಟು ಹಾಕುತ್ತಾರೆ. ಮೀನಿನ ಜೊತೆ ಹಾಲು-ಮೊಸರು ಸೇರಿದರೆ ತೊನ್ನು ಬರುತ್ತದೆ ಅನ್ನುವ ನಂಬಿಕೆ ಗಟ್ಟಿ. ವೈದ್ಯವಿಜ್ಞಾನದ ಪ್ರಕಾರ ತೊನ್ನಿಗೂ ಇದಕ್ಕೂ ಸಂಬಂಧ ಇಲ್ಲ, ಮತ್ತು ಬಂಗಾಳದವರು ಮೊಸರಿನಲ್ಲೇ ಮೀನು ಬೇಯಿಸಿ ತಿನ್ನುತ್ತಾರೆ. ಆದರೂ ಊಟದ ಮನೆಯಲ್ಲಿ ವಾದ ಮಾಡಿ ಗೆದ್ದು ಏನು ಸಿಗಬೇಕು? ಹಿರಿಯರಿದ್ದರೆ ಪುನರ್ಪುಳಿ, ಇಲ್ಲದಿದ್ದರೆ ಶುಂಠಿ-ಹಸಿಮೆಣಸಿನ ಮಜ್ಜಿಗೆ.

ಮಚ್ಬೂಸ್‌ಗೆ ಕೊಲ್ಲಿಯವರು ನಿಂಬೆ-ಪುದೀನ ಅರೆದ ಪಾನಕ ಕುಡಿಯುತ್ತಾರೆ. ಅನ್ನದಲ್ಲಿ ಒಣ ನಿಂಬೆ, ಗ್ಲಾಸಿನಲ್ಲಿ ಹಸಿ ನಿಂಬೆ. ಮನೆಯಲ್ಲಿ ಮಾಡುವಾಗ ಐಸ್ ಕಡಿಮೆ ಹಾಕಿ, ಪುದೀನವನ್ನು ನುಣ್ಣಗೆ ಅರೆಯದೆ ಬರೀ ಜಜ್ಜಿ. ನುಣ್ಣಗೆ ಅರೆದರೆ ಎಲೆಯ ಕಹಿ ಬಿಟ್ಟು, ಲೂಮಿಯ ಕಹಿಯ ಮೇಲೆ ಅದೂ ಕೂತು, ನಡುವೆ ಹಮೂರ್ ಮತ್ತೆ ಸಪ್ಪೆಯಾಗುತ್ತದೆ.